ಬರೀ ಗಂಡು ಸೀಗಡಿ ಮರಿ: ಕೊಟ್ಟ ದುಡ್ಡಿಗೆ ತಕ್ಕ ಮಾಲೇ?

ಸಿಹಿನೀರಿನ ಸ್ಕ್ಯಾಂಪಿ ಸೀಗಡಿಯ 'ಆಲ್ ಮೇಲ್' ಮರಿಗೆ ಮಾಮೂಲಿ ಮರಿಗಿಂತ ಬೆಲೆ ಜಾಸ್ತಿ. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಮರಿ ಒಳ್ಳೆಯದೇ. ಆದರೆ ದೊಡ್ಡ ಗಂಡುಗಳನ್ನು ಆಗಾಗ ಬಲೆ ಎಳೆದು ತೆಗೆಯಲು ಆಳು, ಬಲೆ, ಕೊಳ್ಳುವ ಗಿರಾಕಿ ಇಲ್ಲದವರಿಗೆ ಇದು ಬೇಡ.

ಈ ಮರಿ ಹುಟ್ಟುವ ಬಗೆ ಸೋಜಿಗದ್ದು. ಲಿಂಗ ನಿರ್ಧರಿಸುವ ವರ್ಣತಂತುಗಳ ಜೋಡಿ ಸ್ಕ್ಯಾಂಪಿಯಲ್ಲಿ ಹೀಗಿದೆ: ಗಂಡು ಝಡ್‌ಝಡ್, ಹೆಣ್ಣು ಝಡ್‌ಡಬ್ಲ್ಯೂ. ಗಂಡಿನ ಐದನೆಯ ಜೊತೆ ಕಾಲಿನ ಬುಡದಲ್ಲಿ, ವೀರ್ಯನಾಳದ ತುದಿಗೆ ಅಂಟಿಕೊಂಡು ಆಂಡ್ರೊಜೆನಿಕ್ ಗ್ರಂಥಿ ಇದೆ. ಅದು ಸ್ರವಿಸುವ ಇನ್ಸುಲಿನ್ ಬಗೆಯ ಹಾರ್ಮೋನೇ ಗಂಡುತನದ ಮೂಲ. ತೀರಾ ಎಳೆಯದರಲ್ಲಿ ಗ್ರಂಥಿ ಕತ್ತರಿಸಿದರೆ, ಇಲ್ಲವೇ ಆ ಹಾರ್ಮೋನಿನ ಜೀನ್ ಅಡಗಿಸುವ ಆರ್‌ಎನ್‌ಎ ಚುಚ್ಚಿದರೆ ಗಂಡು ಮೊಟ್ಟೆಯಿಡುವ ಹೆಣ್ಣಾಗಿ ಬೆಳೆಯುತ್ತದೆ. ತಡವಾದರೆ ಅರ್ಧಂಬರ್ಧ ಬದಲಾಗಿ ನಿಲ್ಲುತ್ತದೆ. ಚುಚ್ಚುಮದ್ದಿನ ದಾರಿಯನ್ನು ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಅಮಿರ್ ಸಾಗಿ ಅವರ ತಂಡ 2012ರಲ್ಲಿ ತೋರಿಸಿಕೊಟ್ಟಿತು. ಇಂಥ ತಾಯಿಯೂ ಝಡ್‌ಝಡ್, ಕೂಡುವ ಗಂಡೂ ಝಡ್‌ಝಡ್. ಹಾಗಾಗಿ ಹುಟ್ಟುವುದೆಲ್ಲ ಗಂಡೇ. ಮರಿಗೆ ಹಾರ್ಮೋನ್ ಹಾಕಿರುವುದಿಲ್ಲ, ಜೀನ್ ತಿದ್ದಿರುವುದಿಲ್ಲ. ಕುಲಾಂತರಿ ಎಂಬ ಭಯ ಬೇಡ.

ಮೋಸ ನಡೆಯುವುದು ಮಾರಾಟದಲ್ಲಿ. ಒಂದು ಸೆಂಟಿಮೀಟರಿನ ಮರಿಯಲ್ಲಿ ಗಂಡು ಹೆಣ್ಣು ಕಣ್ಣಿಗೆ ತಿಳಿಯುವುದೇ ಇಲ್ಲ. 'ಕೈಯಲ್ಲೇ ಆರಿಸಿದ ಗಂಡು ಮರಿ' ಎಂದು ಈ ಗಾತ್ರದ್ದನ್ನು ಮಾರಿದರೆ ನಂಬಬೇಡಿ. ಹೆಣ್ಣಿನ ಡಬ್ಲ್ಯೂ ವರ್ಣತಂತು ಇದೆಯೇ ಎಂದು ಪತ್ತೆಹಚ್ಚುವ ಡಿಎನ್ಎ ಪರೀಕ್ಷೆಯ (ಪಿಸಿಆರ್) ವರದಿ ಕೇಳಿ. ಯಾದೃಚ್ಛಿಕವಾಗಿ ತೆಗೆದ 100 ಮರಿಗಳಲ್ಲಿ ಒಂದರಲ್ಲೂ ಡಬ್ಲ್ಯೂ ಸಿಗದಿದ್ದರೆ, ಹೆಣ್ಣಿನ ಬೆರಕೆ ನೂರಕ್ಕೆ 3ರೊಳಗಿದೆ ಎಂದು 95 ಪಾಲು ಭರವಸೆಯಿಂದ ಹೇಳಬಹುದು. ಹತ್ತೇ ಮರಿ ನೋಡಿ ಕೊಟ್ಟ ವರದಿಗೆ ಬೆಲೆಯಿಲ್ಲ. ಬಾಲದ ಮಾಂಸ ಹಾಲಿನಂತೆ ಬೆಳ್ಳಗಿದ್ದರೆ ಚೀಲ ಇಳಿಸಿಕೊಳ್ಳಲೇಬೇಡಿ. ಅದು ಬಿಳಿಬಾಲ ರೋಗದ ಲಕ್ಷಣ, ಮರಿಗಳನ್ನು ರಾಶಿರಾಶಿ ಕೊಲ್ಲುತ್ತದೆ.

ನರ್ಸರಿಯಲ್ಲಿ ಐದಾರು ಗ್ರಾಂ ಆದಮೇಲೆ ಕೈಯಲ್ಲೇ ಪರೀಕ್ಷಿಸಬಹುದು. ಅಂಗಾತ ಹಿಡಿದು ಹೊಟ್ಟೆಯ ಮೊದಲ ಕಟ್ಟಿನ ನಡುವೆ ಬೆರಳಾಡಿಸಿ. ಗಂಡಿಗೆ ಅಲ್ಲಿ ಗಟ್ಟಿ ಉಬ್ಬಿನಂಥದ್ದು ತಗಲುತ್ತದೆ. ಹೆಣ್ಣಿಗೆ ಇರುವುದಿಲ್ಲ, ಅದರ ಜನನರಂಧ್ರ ಮೂರನೆಯ ಜೊತೆ ಕಾಲಿನ ಬುಡದಲ್ಲಿರುತ್ತದೆ.

ಗಂಡನ್ನೇ ಏಕೆ ಸಾಕಬೇಕು? ಹೆಣ್ಣು ತಿಂದದ್ದರಲ್ಲಿ ದೊಡ್ಡ ಪಾಲನ್ನು ಮೊಟ್ಟೆಗೆ ಸುರಿಯುತ್ತದೆ. ದೊಡ್ಡದೊಂದು ಹೆಣ್ಣು ಒಂದೇ ಸಲಕ್ಕೆ 80,000ಕ್ಕೂ ಹೆಚ್ಚು ಮೊಟ್ಟೆ ಹೊತ್ತು ಸುಮಾರು ಮೂರು ವಾರ ತಿರುಗುತ್ತದೆ. ಗಂಡಿಗೆ ಆ ಖರ್ಚಿಲ್ಲ, ಆದರೆ ಜಗಳಗಂಟ. ಚಿಕ್ಕ ಗಂಡು, ಕಿತ್ತಳೆ ಇಕ್ಕಳದ್ದು, ನೀಲಿ ಇಕ್ಕಳದ್ದು ಎಂದು ಮೂರು ಹಂತ. ಬೇಗ ಬೆಳೆಯುವುದು ಕಿತ್ತಳೆಯದು. ನೀಲಿಯಾದದ್ದರ ಬೆಳವಣಿಗೆ ಹೆಚ್ಚುಕಡಿಮೆ ನಿಂತಂತೆ, ಮೇಲಾಗಿ ಸುತ್ತಲಿನ ಚಿಕ್ಕವನ್ನು ಮೇಲೇಳಲು ಬಿಡುವುದಿಲ್ಲ. ನಾಲ್ಕೈದನೇ ತಿಂಗಳಿಂದ ಎರಡು ಮೂರು ವಾರಕ್ಕೊಮ್ಮೆ ನೀಲಿಗಳನ್ನು ತೆಗೆದರೆ ಉಳಿದವು ಜಿಗಿದು ಬೆಳೆಯುತ್ತವೆ. ಕೊನೆಗೆ ಒಟ್ಟಿಗೆ ಹಿಡಿಯೋಣ ಎಂದು ಕೂತರೆ ಬಲೆಗೆ ಬೀಳುವುದು ನಾಲ್ಕು ದೈತ್ಯ, ನಲವತ್ತು ಕುಳ್ಳ.

ಎಕರೆಗೆ 8,000ಕ್ಕಿಂತ ಹೆಚ್ಚು ಬಿಡಬೇಡಿ. ಪೊರೆ ಕಳಚಿ ಮೆತ್ತಗಿರುವಾಗ ಒಂದನ್ನೊಂದು ತಿನ್ನುತ್ತವೆ, ಬಿದಿರಿನ ಕೊಂಬೆ, ಹಳೇ ಬಲೆ ಇಳಿಬಿಡಿ. ಪಾಚಿ ದಟ್ಟವಾದ ಹೊಂಡದಲ್ಲಿ ಮಧ್ಯಾಹ್ನದ ಪಿಹೆಚ್ 9 ದಾಟಿದರೆ ಮರಿ ಉಳಿಯುವುದು ಕಷ್ಟ. ಚೀಲವನ್ನು ಬೆಳಗಿನ ಜಾವ 20 ನಿಮಿಷ ತೇಲಿಸಿ ಬಿಡಿ.

ಬಲೆ ಎಳೆಯುವ ತಾಪತ್ರಯ ಬೇಡವೆನ್ನುವವರಿಗೆ ಉಲ್ಟಾ ತಂತ್ರದ ಬರೀ ಹೆಣ್ಣು ಮರಿಯೂ ಇದೆ. ಡಬ್ಲ್ಯೂಡಬ್ಲ್ಯೂ ತಾಯಿಗೆ ಝಡ್‌ಝಡ್ ತಂದೆ. ಗಾತ್ರ ಚಿಕ್ಕದು, ಆದರೆ ಒಂದೇ ಸಮ, ಜಗಳವೂ ಕಡಿಮೆ. ಮರಿಯನ್ನು ಇನ್ನಷ್ಟು ದಟ್ಟವಾಗಿ ಬಿಟ್ಟು, ಒಂದೇ ದಿನ ನೀರು ಬಸಿದು ಎಲ್ಲವನ್ನೂ ಹಿಡಿಯಬಹುದು.