ಕಲಬುರಗಿಯ ಮೂರು ಬೇಸಿಗೆ ಕಂಡ ರೈಜೆನ್ 9 7950ಎಕ್ಸ್

2023ರ ಜನವರಿಯಲ್ಲಿ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಕಲಬುರಗಿಗೆ ತಂದ ಎಎಂಡಿಯ ಈ ಪ್ರೊಸೆಸರ್ ನನ್ನ ಮೇಜಿನ ಕೆಳಗೆ ಮೂರು ಬೇಸಿಗೆಗಳನ್ನು ಕಳೆದಿದೆ. ಕಟ್ಟಡಗಳ ತ್ರಿಡಿ ಚಿತ್ರಗಳನ್ನು ಬ್ಲೆಂಡರ್ ತಂತ್ರಾಂಶದಲ್ಲಿ ರೆಂಡರ್ ಮಾಡುವುದು, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಅಂತಿಮ ಚಿತ್ರ ಮೂಡಿಸುವಂತೆ ಮಾಡುವುದು, ನನ್ನ ಕಸುಬು. ದೊಡ್ಡ ದೃಶ್ಯಗಳು ನನ್ನ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಗೆ ಹಿಡಿಸದ ಕಾರಣ ಭಾರವೆಲ್ಲ ಪ್ರೊಸೆಸರ್ ಮೇಲೆಯೇ ಬೀಳುತ್ತದೆ.

ಆಗ ಎದುರಿಗಿದ್ದ ಇನ್ನೊಂದು ಆಯ್ಕೆ ಇಂಟೆಲ್ ಕೋರ್ ಐ9 13900ಕೆ. ಅದರಲ್ಲಿ 8 ದೊಡ್ಡ ಕೋರ್ (ಲೆಕ್ಕ ಮಾಡುವ ಘಟಕ) ಮತ್ತು 16 ಸಣ್ಣ ಕೋರ್, ಇದರಲ್ಲಿ ಒಂದೇ ಬಗೆಯ 16 ಕೋರ್. ಥ್ರೆಡ್, ಅಂದರೆ ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲುಗಳು, ಎರಡರಲ್ಲೂ 32. ರೆಂಡರ್ ವೇಗದಲ್ಲಿ ದೊಡ್ಡ ಅಂತರವಿರಲಿಲ್ಲ. ಇಂಟೆಲ್‌ಗೆ ಹಳೆಯ ಡಿಡಿಆರ್4 ಮೆಮೊರಿಯೂ ಸಾಕಾಗುತ್ತಿದ್ದುದರಿಂದ ಒಟ್ಟು ಖರ್ಚು ಅಲ್ಲಿಯೇ ಕಡಿಮೆಯಿತ್ತು. ಆದರೂ ನಾನು ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಎಎಂಡಿಯ ಎಎಂ5 ಸಾಕೆಟ್ ನಂಬಿ ಇದನ್ನು ಕೊಂಡೆ. 2024ರಲ್ಲಿ ಬಂದ ಎಎಂಡಿಯ ಮುಂದಿನ ಪೀಳಿಗೆಯ 9950ಎಕ್ಸ್ ಕೂಡ ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ) ನವೀಕರಿಸಿದ ಅದೇ ಮದರ್‌ಬೋರ್ಡಿನಲ್ಲಿ ಕೂರುತ್ತದೆ; ಇಂಟೆಲ್ ಅದೇ ವರ್ಷ ಸಾಕೆಟ್ಟನ್ನೇ ಬದಲಿಸಿತು.

ಬಿಸಿಯ ವಿಷಯ ಮಾತ್ರ ವಿವರವಾಗಿ ಹೇಳಬೇಕು. ಇದರ ಟಿಡಿಪಿ, ಅಂದರೆ ಕೂಲರ್ ಆಯ್ಕೆಗೆಂದು ಕಂಪನಿ ಕೊಡುವ ಬಿಸಿಯ ಅಳತೆ, 170 ವ್ಯಾಟ್ ಎಂದು ಬರೆದಿದ್ದರೂ ಸಾಕೆಟ್ 230 ವ್ಯಾಟ್‌ವರೆಗೆ ವಿದ್ಯುತ್ ಒದಗಿಸಬಲ್ಲದು. ಪೂರ್ತಿ ಹೊರೆ ಬಿದ್ದಾಗ ಚಿಪ್ 95 ಡಿಗ್ರಿ ಮುಟ್ಟಿ, ಅಲ್ಲಿಯೇ ನಿಲ್ಲುವಂತೆ ತನ್ನ ವೇಗವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಇದು ದೋಷವಲ್ಲ, ವಿನ್ಯಾಸವೇ ಹಾಗಿದೆ. ಆದರೆ ಕೂಲರ್ ಎಷ್ಟೇ ದುಬಾರಿಯದಾದರೂ ಆ ಬಿಸಿಯನ್ನು ಚಿಪ್‌ನಿಂದ ಎತ್ತಿ ಕೋಣೆಗೆ ಸುರಿಯುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ ಎಂಬುದು, ಹೊರಗೆ 42 ಡಿಗ್ರಿ ಬಿಸಿಲಿದ್ದ ಮೊದಲ ಮೇ ತಿಂಗಳಲ್ಲಿ ನನಗೆ ಚೆನ್ನಾಗಿ ಮನವರಿಕೆಯಾಯಿತು. ಬಯಾಸ್‌ನಲ್ಲಿ 105 ವ್ಯಾಟ್ ಟಿಡಿಪಿಯ ಇಕೋ ಮೋಡ್ (ವಿದ್ಯುತ್ ಉಳಿಸುವ ವ್ಯವಸ್ಥೆ) ಆಯ್ದುಕೊಂಡ ಮೇಲೆ ಸಾಕೆಟ್ಟಿನ ವಿದ್ಯುತ್ ಮಿತಿ 230ರಿಂದ 142 ವ್ಯಾಟ್‌ಗೆ ಇಳಿಯಿತು. ನಲವತ್ತು ನಿಮಿಷ ಹಿಡಿಯುತ್ತಿದ್ದ ರೆಂಡರ್ ಈಗ ಎರಡು ಮೂರು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. ಕರೆಂಟ್ ಹೋದಾಗ ಯುಪಿಎಸ್ ಕೂಡ ಹೆಚ್ಚು ಹೊತ್ತು ತಾಳುತ್ತದೆ. ಚಳಿಗಾಲದಲ್ಲೂ ನಾನು ಆ ಮೋಡ್ ತೆಗೆದಿಲ್ಲ.

ಮೆಮೊರಿಯಲ್ಲಿ ನಾನೇ ಎಡವಿದೆ. ಡಿಡಿಆರ್5ನ ನಾಲ್ಕು ಸ್ಟಿಕ್ ಒಟ್ಟಿಗೆ ಹಾಕಿದರೆ ಅಧಿಕೃತ ವೇಗ 5200ರಿಂದ 3600ಕ್ಕೆ ಇಳಿಯುತ್ತದೆ ಎಂಬುದನ್ನು ಓದದೆ 32 ಜಿಬಿಯ ನಾಲ್ಕನ್ನು ಕೊಂಡಿದ್ದೆ. ಮೊದಲ ಬಾರಿ ಆನ್ ಮಾಡಿದಾಗ ಮೆಮೊರಿ ಟ್ರೇನಿಂಗ್ (ಬೋರ್ಡ್ ಮೆಮೊರಿಯನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುವ ಕೆಲಸ) ನಡೆಯುವಷ್ಟೂ ನಿಮಿಷ ಪರದೆ ಕಪ್ಪಾಗಿಯೇ ಇದ್ದು, ಬೋರ್ಡ್ ಸುಟ್ಟಿತೆಂದು ಹೆದರಿ ಎರಡು ಬಾರಿ ಸ್ವಿಚ್ ಆರಿಸಿದ್ದೂ ಉಂಟು. ಈಗ 48 ಜಿಬಿಯ ಎರಡೇ ಸ್ಟಿಕ್ ಇವೆ.

ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗೇಮ್ ಆಡುವುದಷ್ಟೇ ಉದ್ದೇಶವಾದರೆ ಇದನ್ನು ಕೊಳ್ಳಬೇಡಿ. ಎಎಂಡಿಯದೇ 8 ಕೋರ್‌ನ 7800ಎಕ್ಸ್3ಡಿ ತನ್ನ 96 ಎಂಬಿ ಎಲ್3 ಕ್ಯಾಶ್‌ನ (ಚಿಪ್‌ನೊಳಗಿನ ವೇಗದ ಮೆಮೊರಿ) ಬಲದಿಂದ ಬಹುತೇಕ ಗೇಮ್‌ಗಳಲ್ಲಿ ಇದನ್ನು ಹಿಂದಿಕ್ಕುತ್ತದೆ. 9950ಎಕ್ಸ್‌ಗೆ ನಾನು ಇನ್ನೂ ಬದಲಾಯಿಸಿಲ್ಲ, ಏಕೆಂದರೆ ಅದರಲ್ಲೂ ಇರುವುದು 16 ಕೋರ್‌ಗಳೇ.