ರೋಮನ್ ಕಂಚಿನ ನಾಣ್ಯಕ್ಕೆ ದಯವಿಟ್ಟು ಹುಣಸೆಹಣ್ಣು ಹಚ್ಚಬೇಡಿ

ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪ, ತಾಮ್ರದ ಚೊಂಬು ಉಜ್ಜಿ ಬೆಳೆದವರು ನಾವು. ಕಿಲುಬು ಕಂಡರೆ ಕೈ ತಾನಾಗಿ ಹುಣಸೆಹಣ್ಣಿನ ಕಡೆ ಹೋಗುತ್ತದೆ. ಇಂಗ್ಲೆಂಡಿನಲ್ಲಿದ್ದಾಗ ನನ್ನ ಕೈಯೂ ಹಾಗೇ ಹೋಯಿತು. ಸುಮಾರು 1,700 ವರ್ಷ ಮಣ್ಣಿನಲ್ಲಿ ಉಳಿದಿದ್ದ ಒಂದು ಚಿತ್ರ ಒಂದೇ ರಾತ್ರಿಯಲ್ಲಿ ಹೋಯಿತು.

ಅಲ್ಲಿ ಮಣ್ಣು ಮೆತ್ತಿದ ಹಳೆಯ ರೋಮನ್ ನಾಣ್ಯಗಳನ್ನು ತೊಳೆಯದೆ ಹಾಗೇ ಮಾರುತ್ತಾರೆ. ನಾನು ಹತ್ತು ತಗೊಂಡೆ. ಒಂದರ ಮೇಲೆ ಮಣ್ಣಿನ ನಡುವೆ ಎರಡು ನಕ್ಷತ್ರ, ಕೆಳಗೆ ಒಂದು ಪ್ರಾಣಿಯ ಬೆನ್ನು ಕಾಣುತ್ತಿತ್ತು. ನೋಡಿದ ಕೂಡಲೇ ಗೊತ್ತಾಯಿತು. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರಿ.ಶ. 330ರಿಂದ ಅಚ್ಚು ಹಾಕಿಸಿದ 'ಉರ್ಬ್ಸ್ ರೋಮಾ' (ರೋಮ್ ನಗರ) ನಾಣ್ಯ ಅದು. ಒಂದು ಕಡೆ ಶಿರಸ್ತ್ರಾಣ ತೊಟ್ಟ ರೋಮಾ ದೇವಿ. ಇನ್ನೊಂದು ಕಡೆ ರೋಮ್ ಹುಟ್ಟಿದ ಕಥೆಯಲ್ಲಿ ಬರುವ ರೊಮುಲಸ್, ರೆಮಸ್ ಎಂಬ ಅವಳಿ ಶಿಶುಗಳಿಗೆ ಹಾಲೂಡುವ ಹೆಣ್ಣು ತೋಳ. ಆ ವರ್ಷವೇ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಆಯಿತು. ಆದರೂ ಹಳೆಯ ಊರಾದ ರೋಮನ್ನು ಮರೆತಿಲ್ಲ ಅಂತ ಹೇಳಿದ್ದು ಈ ತೋಳ. ನಮ್ಮ ಹಳೆಯ ಒಂದು ರೂಪಾಯಿಗಿಂತ ಚಿಕ್ಕ ಬಿಲ್ಲೆಯಲ್ಲಿ ಅಷ್ಟೂ ಕಥೆ!

ಆಸೆ ತಡೆಯಲಿಲ್ಲ. ಹುಣಸೆ ನೀರಿನಲ್ಲಿ ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ಬ್ರಷ್ ಹಾಕಿ ಉಜ್ಜಿದೆ. ಕೈಗೆ ಬಂದದ್ದು ಗುಳಿ ಬಿದ್ದ, ಕೆಂಪಗಿನ ತುಂಡು. ತೋಳವಿಲ್ಲ, ಮಕ್ಕಳಿಲ್ಲ, ನಕ್ಷತ್ರವೂ ಇಲ್ಲ.

ಯಾಕೆ ಹೀಗಾಯಿತು ಅಂತ ಆಮೇಲೆ ಓದಿ ತಿಳಿದೆ. ಅಷ್ಟು ಕಾಲ ಮಣ್ಣಿನಲ್ಲಿದ್ದ ಕಂಚಿನ ಮೇಲ್ಪದರ ಲೋಹವಾಗಿ ಉಳಿದಿರುವುದಿಲ್ಲ. ಅದು ಹಸಿರು, ಕಂದು ಬಣ್ಣದ ಗಟ್ಟಿ ಪದರವಾಗಿರುತ್ತದೆ. ಅದಕ್ಕೆ ಪಟಿನಾ ಅಂತಾರೆ. ತೋಳದ ಕಿವಿ, ಮಕ್ಕಳ ಕೈ ಎಲ್ಲ ಇರುವುದು ಆ ಪದರದಲ್ಲೇ. ಹುಣಸೆಯ ಹುಳಿ ಅದನ್ನೇ ಕರಗಿಸುತ್ತದೆ. ನಾವು ಕೊಳೆ ಅಂದುಕೊಂಡು ತೆಗೆಯುವುದೇ ಚಿತ್ರ. ನಿಂಬೆಹಣ್ಣು, ವಿನೆಗರ್, ಪಾತ್ರೆ ಪುಡಿ ಯಾವುದೂ ಬೇಡ.

ಅಲ್ಲಿಗೇ ಮುಗಿಯಲಿಲ್ಲ. ಕೆಲವು ವಾರದ ನಂತರ ಗುಳಿಗಳಲ್ಲಿ ತಿಳಿ ಹಸಿರು ಪುಡಿ ಎದ್ದಿತು. ಇದು ಬ್ರಾಂಝ್ ಡಿಸೀಸ್, ಅಂದರೆ ಕಂಚಿಗೆ ಬರುವ ರೋಗ. ಮಣ್ಣಿನ ಉಪ್ಪಿನಿಂದ ಲೋಹದೊಳಗೆ ಕ್ಲೋರೈಡ್ ಸೇರಿರುತ್ತದೆ. ಮೇಲಿನ ಪದರ ಹೋದರೆ ತೇವದ ಗಾಳಿ ಅದಕ್ಕೆ ತಾಗಿ, ಲೋಹವನ್ನು ಒಳಗಿಂದ ತಿನ್ನತೊಡಗುತ್ತದೆ. ಕಡ್ಡಿ ತಾಗಿಸಿದರೆ ಪುಡಿ ಉದುರುತ್ತದಾ ನೋಡಿ. ಉದುರಿದರೆ ಆ ನಾಣ್ಯವನ್ನು ತಕ್ಷಣ ತೇವ ಹೀರುವ ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿಡಿ. ನಮ್ಮ ಮಳೆಗಾಲದಲ್ಲಂತೂ ಇದು ಜಾಸ್ತಿ ಮುಖ್ಯ.

ಉಳಿದ ಒಂಬತ್ತರಲ್ಲಿ ಒಂದನ್ನು ಬರೀ ಡಿಸ್ಟಿಲ್ಡ್ ನೀರಿನಲ್ಲಿ ಹಾಕಿಟ್ಟೆ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿದೆ. ಮೆತ್ತಗಾದ ಮಣ್ಣನ್ನು ಭೂತಗನ್ನಡಿ ಹಿಡಿದು ಬಿದಿರು ಕಡ್ಡಿಯಿಂದ ಚೂರು ಚೂರೇ ಬಿಡಿಸಿದೆ. ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಕಾಣಿಸಿದ್ದು ಕುದುರೆಯಿಂದ ಬೀಳುತ್ತಿರುವ ಶತ್ರುವಿಗೆ ಈಟಿ ಚುಚ್ಚುವ ರೋಮನ್ ಸೈನಿಕ. ಸುತ್ತ 'ಒಳ್ಳೆಯ ಕಾಲ ಮರಳಿತು' ಅಂತ ಲ್ಯಾಟಿನ್ ಅಕ್ಷರ. ಬೀಳುವವನು ಹಿಂದಕ್ಕೆ ಚಾಚಿದ ಕೈ ಕೂಡ ಸ್ಪಷ್ಟವಾಗಿದೆ.

ಇನ್ನೂ ಎಂಟು ನೀರಿನಲ್ಲಿವೆ. ತೋಳದ ನಾಣ್ಯದ್ದು ತೊಳೆಯುವ ಮುಂಚೆ ತೆಗೆದ ಒಂದು ಫೋಟೊ ಮಾತ್ರ ಉಳಿದಿದೆ, ಎರಡು ನಕ್ಷತ್ರ ಮತ್ತು ಬೆನ್ನು.