ಕೆನೆ ಕಟ್ಟದ ಕೆಂಪು ಇಂಕು: ಟ್ರೆಡಲ್ ಇಟ್ಟವರು ಹುಷಾರು

ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆ ಇನ್ನೂ ಟ್ರೆಡಲ್ ಅಚ್ಚಿನ ಯಂತ್ರ ಓಡಿಸುತ್ತಿರುವವರು ದಯವಿಟ್ಟು ಓದಿ. ‘ಲೆಟರ್‌ಪ್ರೆಸ್ ಕೆಂಪು, ಆಯಿಲ್ ಬೇಸ್’ ಅಂತ ಒಬ್ಬ ಡೀಲರ್ 1 ಕೆಜಿ ಡಬ್ಬಿ ಕೊಟ್ಟ. ಒಳಗಿದ್ದದ್ದು ದಿನಪತ್ರಿಕೆ ಅಚ್ಚು ಹಾಕುವ ವೆಬ್ ಇಂಕು. ಇಷ್ಟು ವರ್ಷ ಅಚ್ಚಿನ ಮೊಳೆ ಜೋಡಿಸಿದ ಕೈಗೆ ಅದು ಗೊತ್ತಾಗಲಿಲ್ಲ. ಹೇಳಿಕೊಳ್ಳೋಕೆ ನಾಚಿಕೆ.

ಕೆಲಸ ಮದುವೆ ಕಾರ್ಡು. 300 ಜಿಎಸ್‌ಎಂ ಆರ್ಟ್ ಕಾರ್ಡ್, 400 ಪ್ರತಿ, ಕುಂಕುಮಗೆಂಪು. ಪ್ರೂಫ್ ಚೆನ್ನಾಗೇ ಬಂತು. ಎಡವಿದ್ದು ಅಲ್ಲೇ, ಹಸಿ ಇದ್ದಾಗ ಯಾವ ಇಂಕೂ ಚೆನ್ನಾಗೇ ಕಾಣುತ್ತೆ. ಮಾರನೇ ದಿನ ರಾಶಿಯಿಂದ ಒಂದು ಕಾರ್ಡ್ ಎತ್ತಿದರೆ ಅದರ ಬೆನ್ನಿಗೆ ಕೆಳಗಿನ ಕಾರ್ಡಿನ ಗಣಪತಿ ಬ್ಲಾಕು ಉಲ್ಟಾ ಅಂಟಿಕೊಂಡಿತ್ತು. ಹೆಬ್ಬೆರಳಾಡಿಸಿದರೆ ವರನ ಹೆಸರು ವಧುವಿನ ಹೆಸರಿನ ತನಕ ಬಳಿದುಕೊಂಡು ಹೋಯಿತು. ಮೂರನೇ ದಿನವೂ ಹಾಗೇ.

ಫೋನ್ ಮಾಡಿದೆ. “ಬಿಸಿಲಿಗೆ ಹರವ್ರಿ ಅಣ್ಣಾರ, ನಮ್ ಕಡೆ ಬಿಸಿಲಿಗೇನ್ ಬರ ಐತೇನ್ರಿ?” ಅಂದ. ಆಮೇಲೆ “ನಿಮ್ ಕಾರ್ಡೇ ಸರಿ ಇಲ್ರಿ.” ಆಮೇಲೆ “ಡ್ರೈಯರ್ ಹಾಕ್ರಿ.” ಅದನ್ನೂ ಮಾಡಿದೆ: 100 ಗ್ರಾಂ ಇಂಕಿಗೆ 2 ಗ್ರಾಂ ಕೋಬಾಲ್ಟ್ ಡ್ರೈಯರ್ ಕಲಸಿ ಮತ್ತೆ ಹೊಡೆದೆ. ಏನೂ ಆಗಲಿಲ್ಲ. ಆಗೋದೂ ಇಲ್ಲ! ಅಗಸೆಎಣ್ಣೆ ವಾರ್ನಿಶ್ ಇರುವ ಇಂಕು ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗುತ್ತೆ, ಡ್ರೈಯರ್ ಆ ಕೆಲಸಕ್ಕೆ ವೇಗ ಕೊಡುತ್ತೆ ಅಷ್ಟೆ. ಪತ್ರಿಕೆಯ ಇಂಕಿನಲ್ಲಿರುವುದು ಹೆಚ್ಚಾಗಿ ಮಿನರಲ್ ಎಣ್ಣೆ; ಅದು ಗಟ್ಟಿಯಾಗಲ್ಲ, ನ್ಯೂಸ್‌ಪ್ರಿಂಟ್ ಒಳಗೆ ಇಂಗುತ್ತೆ. ಆರ್ಟ್ ಕಾರ್ಡಿನ ಕೋಟಿಂಗ್ ಮೇಲೆ ಎಲ್ಲಿಗೆ ಇಂಗಬೇಕು?

ಡಬ್ಬಿ ಮುಚ್ಚಳ ತೆಗೆದು ಎಂಟು ದಿನ ಬಿಟ್ಟೆ. ಗಾಳಿಗೆ ಗಟ್ಟಿಯಾಗುವ ಇಂಕಾದರೆ ಮೇಲೆ ಕೆನೆ ಕಟ್ಟಬೇಕು. ಒಂದೆಳೆ ಕೆನೆ ಇಲ್ಲ. “ಅದು ಆಂಟಿಸ್ಕಿನ್ ಹಾಕಿದ ಮಾಲ್ರಿ” ಅಂದ. ಆಯ್ತು, ಆಂಟಿಸ್ಕಿನ್ ಡಬ್ಬಿಯಲ್ಲಿ ಕೆನೆ ತಡೆಯುತ್ತೆ. ಕಾರ್ಡಿನ ಮೇಲೆ ಮೂರು ದಿನ ತಡೆಯುತ್ತಾ? ಅದಕ್ಕೆ ಉತ್ತರ ಇಲ್ಲ. ಸಿಟ್ಟಿಗೆ ಸ್ಟಿಕ್ಕರಿನ ಮೂಲೆ ಉಗುರಿಂದ ಕೆರೆದೆ. ಕೆಳಗೆ ಇನ್ನೊಂದು ಲೇಬಲ್. ಅದರ ಮೇಲೆ ‘ಕೋಲ್ಡ್‌ಸೆಟ್’, ಅಂದರೆ ಅದೇ ಪತ್ರಿಕೆಯ ಇಂಕು. ಸ್ಟಿಕ್ಕರಿನ ಕೆಳಗೇ ಇತ್ತು, ಎಂಟು ದಿನ ನನ್ನ ಕಣ್ಣೆದುರೇ ಇತ್ತು. ಫೋಟೋ ಕಳಿಸಿದರೆ, “ಡಬ್ಬಿ ಹಳೇದ್ರಿ, ಮಾಲ್ ಹೊಸಾದು” ಅಂತ ಉತ್ತರ.

ಕೊಳ್ಳುವ ಮೊದಲು ಬಟಾಣಿ ಕಾಳಿನಷ್ಟು ಇಂಕು ಕೇಳಿ ತನ್ನಿ. ಹೊಡೆಯಬೇಕಾದ ಕಾರ್ಡಿನ ತುಂಡಿನ ಮೇಲೇ ಬೆರಳಿಂದ ತೆಳ್ಳಗೆ ತಟ್ಟಿ, 24 ಗಂಟೆ ಬಿಟ್ಟು ಉಜ್ಜಿ. ಬಣ್ಣವನ್ನೂ ಅಲ್ಲೇ ನೋಡಿ: ಪಾರದರ್ಶಕ ಕೆಂಪು ಅರಿಸಿನ ಬಣ್ಣದ ಕಾರ್ಡಿನ ಮೇಲೆ ಕಿತ್ತಳೆ ಕಡೆ ವಾಲುತ್ತೆ, ನೀಲಿ ಹಸಿರಾಗುತ್ತೆ. ಮುಚ್ಚಲಿ ಅಂತ ಓಪೇಕ್ ವೈಟ್ ಬೆರೆಸಿದಿರೋ, ಕುಂಕುಮ ಹೋಗಿ ಗುಲಾಬಿ. ರಬ್ಬರ್ ಬೇಸ್ ಇಂಕೂ ಕೆನೆ ಕಟ್ಟಲ್ಲ, ಅದು ಮೋಸವಲ್ಲ. ರೋಲರ್ ಮೇಲೆ ಗಂಟೆಗಟ್ಟಲೆ ಒಣಗದೆ ಇರುತ್ತೆ, ಕೋಟಿಂಗ್ ಇಲ್ಲದ ಕಾಗದಕ್ಕೆ ಚೆನ್ನ. ಆರ್ಟ್ ಕಾರ್ಡಿಗೆ ಮಾತ್ರ ಬೇಡ.

ಬಿಲ್ಲಿನಲ್ಲಿ ಇಂಕಿನ ಜಾತಿ ಬರೆಸಿಕೊಳ್ಳಿ. ನನ್ನ ಬಿಲ್ಲಿನಲ್ಲಿ ‘ಕೆಂಪು, 1’ ಅಂತಷ್ಟೇ ಇದೆ. ಅದನ್ನೇ ಹಿಡಿದು, “ಕೆಂಪೇ ಕೊಟ್ಟೀನಲ್ರಿ” ಅನ್ನುತ್ತಾನೆ.